ಕಿರುಚಿದಳು ಎಂಬ ಚೀಟಿ

ಕಂತಮ್ಮನ ಬರೆಯುವ ಮೇಜಿನ ಮೇಲೆ ಎರಡು ಬಿಸ್ಕತ್ತಿನ ಡಬ್ಬಿಗಳಿದ್ದವು. ಬಿಸ್ಕತ್ತು ಇರಬಹುದೆಂದು ಕೈ ಹಾಕಿದವರೆಲ್ಲ ಮೋಸ ಹೋಗಿದ್ದಾರೆ. ಎರಡರಲ್ಲೂ ಇದ್ದದ್ದು ಬೆರಳುದ್ದದ ಚೀಟಿಗಳು, ಒಂದೊಂದರ ಮೇಲೂ ಒಂದೊಂದು ಪದ: ಗುಡುಗಿದ, ಗದರಿದಳು, ಸಿಡುಕಿದ, ಗೊಣಗಿದಳು, ಉಸುರಿದ, ಕುಟುಕಿದಳು, ತೊದಲಿದ, ಹಲುಬಿದಳು. ಕಥೆಯಲ್ಲಿ ಯಾರಾದರೂ ಬಾಯಿ ಬಿಟ್ಟರೆ ಆ ಮಾತಿನ ಬಾಲಕ್ಕೆ ಕಟ್ಟುವ ಪದಗಳಿವು. ಎಡಗಡೆಯ ಡಬ್ಬಿಯಲ್ಲಿ ಇನ್ನೂ ಬಳಸದವು, ಬಲಗಡೆಯದರಲ್ಲಿ ಈ ವಾರ ಬಳಸಿ ಮುಗಿದವು. ಒಂದು ಕಂತಿನಲ್ಲಿ ಒಂದು ಪದ ಎರಡು ಸಲ ಬರಕೂಡದು ಎಂಬುದು ಆಕೆ ತಾನೇ ಹಾಕಿಕೊಂಡ ಕಟ್ಟಳೆ. ಕಂತು ಅಚ್ಚಾಗಿ ಬಂದ ಮೇಲೆ ಬಲಗಡೆಯ ಡಬ್ಬಿಯನ್ನು ಎಡಗಡೆಯದಕ್ಕೆ ಸುರಿದರಾಯಿತು, ಮುಂದಿನ ವಾರದ ಸರಕು ತಯಾರು.

‘ಎಂದಳು’ ಎಂಬ ಪದಕ್ಕೆ ಮಾತ್ರ ಚೀಟಿ ಇರಲಿಲ್ಲ. ಅದು ಗತಿಗೆಟ್ಟವರ ಪದ ಎನ್ನುತ್ತಿದ್ದಳು ಕಂತಮ್ಮ. ಉಪ್ಪಿಲ್ಲ, ಖಾರವಿಲ್ಲ, ಯಾವ ಬಾಯಿಗೂ ಸಲ್ಲುವ ಸಪ್ಪೆ ಪದ. ವಾರಪತ್ರಿಕೆಗೆ ವರ್ಷಗಟ್ಟಲೆ ಕಂತು ಕಂತಾಗಿ ಕಾದಂಬರಿ ಬರೆದು ಬರೆದು ಬೀದಿಯವರ ಬಾಯಲ್ಲಿ ಆಕೆಯ ಹೆಸರೇ ಕಂತಮ್ಮ ಎಂದಾಗಿತ್ತು. ಪತ್ರಿಕೆಯ ಕಚೇರಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆನ್ನ ಹಿಂದೆ ಗುಡುಗಮ್ಮ ಎನ್ನುತ್ತಿದ್ದರು. ಈಯಮ್ಮನ ಕಥೆಯಲ್ಲಿ ಗಂಡಸರು ಕುಡಿಯಲು ನೀರು ಕೇಳುವುದಕ್ಕೂ ಗುಡುಗುತ್ತಾರಲ್ಲ ಎಂದು ಅವರಿಗೆ ನಗು. ನಗುವವರು ನಗಲಿ, ಓದುವವರು ಓದುತ್ತಿದ್ದರು. ಮಿಕ್ಕಿದ್ದು ತನಗೆ ಬೇಡ ಎಂದುಕೊಂಡು ಆಕೆ ಸುಖವಾಗಿದ್ದಳು, ಮಗಳು ಮನೆಗೆ ಬರುವ ತನಕ.

ಮಗಳು ಬಂದಾಗ ಕೈಯಲ್ಲೊಂದು ಸೂಟ್‌ಕೇಸು, ಕಂಕುಳಲ್ಲಿ ನಾಲ್ಕು ವರ್ಷದ ಹೆಣ್ಣುಮಗು. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಒಪ್ಪಿಸುತ್ತದೆಂದು ಆ ಮಗುವಿಗೆ ಎಲ್ಲರೂ ಗಿಣಿ ಎನ್ನುತ್ತಿದ್ದರು. ಯಾಕೆ ಬಂದೆ ಎಂದು ಕಂತಮ್ಮ ಕೇಳಲಿಲ್ಲ, ತಾನಾಗಿ ಹೇಳಲಿ ಎಂದು ಕಾದಳು. ಕಾಯುವ ವಿದ್ಯೆಯಲ್ಲಿ ಆಕೆ ಬೆಕ್ಕಿಗಿಂತ ಒಂದು ಕೈ ಮೇಲು.

ಒಂದು ಮಧ್ಯಾಹ್ನ, ಒಗೆದ ಬಟ್ಟೆಯ ರಾಶಿ ನಡುವೆ ಇಟ್ಟುಕೊಂಡು ಇಬ್ಬರೂ ಮಡಿಸುತ್ತ ಕೂತಿದ್ದಾಗ ಮಗಳು ಹೇಳಿದಳು. ಅಳಿಯ ಕಟ್ಟಡಗಳ ನಕ್ಷೆ ಬರೆಯುವವನು. ಅಳತೆ ಕೋಲಿನ ಹಾಗೆ ನೆಟ್ಟಗೆ ಕೂರುವ ಮನುಷ್ಯ, ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಆಡಿದರೆ ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು. ಆದರೆ ಹೆಂಡತಿಯ ಮೇಲೆ ಮುನಿಸು ಬಂದರೆ ಅವಳೊಂದಿಗೆ ಮಾತು ಬಿಡುತ್ತಿದ್ದ, ಒಂದು ದಿನವಲ್ಲ, ವಾರಗಟ್ಟಲೆ. ಹೇಳಬೇಕಾದ್ದನ್ನು ಮಗುವಿನ ಬಾಯಲ್ಲಿ ಹೇಳಿಸುತ್ತಿದ್ದ. ಊಟದ ಮೇಜಿನ ಆಚೆ ತಾನು, ಈಚೆ ಅವಳು, ನಡುವೆ ಗಿಣಿ. ನಿಮ್ಮಮ್ಮನಿಗೆ ಹೇಳು, ಸಾರು ಬಾಯಿಗಿಡೋ ಹಾಗಿಲ್ಲ ಅಂತ. ನಿಮ್ಮಮ್ಮನಿಗೆ ಹೇಳು, ಅವಳಿಗೆ ಬುದ್ಧಿ ಇಲ್ಲ ಅಂತ. ಗಿಣಿ ಆಟವೆಂದುಕೊಂಡು ಅಮ್ಮನತ್ತ ತಿರುಗಿ, ನಿಂಗೆ ಬುದ್ಧಿ ಇಲ್ವಂತೆ, ಅಪ್ಪ ಅಂದ್ರು ಎಂದು ಒಪ್ಪಿಸುತ್ತಿತ್ತು. ಒಪ್ಪಿಸಿ ಅಮ್ಮನ ಮುಖ ನೋಡುತ್ತಿತ್ತು.

ಇಷ್ಟನ್ನೂ ಮಗಳು ನುಂಗಿಕೊಂಡಿದ್ದಳು. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ, ದಿನವಿಡೀ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ತಾಳ್ಮೆಯ ಕೆಲಸ. ಆದರೆ ಒಂದು ದಿನ ಅಪ್ಪ ಮನೆಯಲ್ಲೇ ಇಲ್ಲದಾಗ, ಯಾರೂ ಹೇಳಿಕೊಡದೆ, ಗೊಂಬೆಗೆ ಅಂಗಿ ತೊಡಿಸುತ್ತಿದ್ದ ಗಿಣಿ ತಲೆಯೆತ್ತಿ, ಅಮ್ಮ, ನಿಂಗೆ ಬುದ್ಧಿ ಇಲ್ಲ ಎಂದಿತು. ಅಪ್ಪ ಅಂದ್ರು ಎಂಬುದು ಕಳಚಿ ಬಿದ್ದುಹೋಗಿತ್ತು. ಮಾತು ಮಗುವಿನದೇ ಆಗಿಬಿಟ್ಟಿತ್ತು. ಮಗಳು ಅವತ್ತೇ ಸೂಟ್‌ಕೇಸು ಇಳಿಸಿದಳು.

“ನಾನು ಅಲ್ಲಿಗೆ ಹೋಗಲ್ಲಮ್ಮ. ಮಗೂನೂ ಕಳಿಸಲ್ಲ,” ಅಂದಳು. ದಿಂಬಿನ ಚೀಲವೊಂದನ್ನು ಮೊಣಕಾಲ ಮೇಲೆ ಹರಡಿ, ಸುಕ್ಕು ತೀಡಿ, ನಾಲ್ಕಾಗಿ ಮಡಿಸಿ ರಾಶಿಯ ಮೇಲಿಟ್ಟಳು. ಕಣ್ಣಲ್ಲಿ ನೀರಿರಲಿಲ್ಲ, ದನಿ ಏರಿರಲಿಲ್ಲ.

ಕಂತಮ್ಮನಿಗೆ ಕರುಳು ಕಿತ್ತು ಬಂದ ಹಾಗಾಯಿತು, ಅದರಲ್ಲಿ ಸುಳ್ಳಿಲ್ಲ. ಮಗಳ ತಲೆ ಸವರಿದಳು, ಇದು ನಿನ್ನ ಮನೆ, ಇರು ಎಂದಳು. ಆದರೆ ಬರೆಯುವವರ ಹೊಟ್ಟೆಯಲ್ಲಿ ಎರಡು ಒಲೆ ಉರಿಯುತ್ತವೆ, ಒಂದು ಸಂಕಟದ್ದು, ಇನ್ನೊಂದು ಆ ಸಂಕಟವನ್ನೇ ಬೇಯಿಸಿಕೊಳ್ಳುವುದು. ಆ ವಾರದ ಕಂತಿಗೆ ಏನೂ ಹೊಳೆಯದೆ ಆಕೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಸಂಜೆಯೊಳಗೆ ಮಗಳ ಮಾತೆಲ್ಲ ಹಾಳೆಗಿಳಿಯಿತು. ಕನ್ನಡಕದ ಅಂಗಡಿಯವಳನ್ನು ನರ್ಸ್ ಮಾಡಿದಳು, ನಕ್ಷೆಯವನನ್ನು ಗಡಿಯಾರದ ಅಂಗಡಿಯವನಾಗಿ ಮಾಡಿದಳು, ಗಿಣಿಯನ್ನು ಗಂಡುಮಗು ಮಾಡಿದಳು. ಇನ್ನು ಯಾರಿಗೂ ಗುರುತು ಹತ್ತುವುದಿಲ್ಲವೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿಗೂ ಇಷ್ಟೇ ಧೈರ್ಯ.

ಆದರೆ ಮಗಳ ಆ ಕೊನೆಯ ಮಾತಿನ ಹತ್ತಿರ ಬಂದಾಗ ಆಕೆಯ ಕೈ ಡಬ್ಬಿಗೆ ಹೋಗಲಿಲ್ಲ. ಹೋಗಬೇಕೆನಿಸಲಿಲ್ಲ. ಎಂದಳು ಎಂದು ಸುಮ್ಮನೆ ಬರೆದಳು, ಗತಿಗೆಟ್ಟವರ ಪದವನ್ನೇ. ಅಷ್ಟು ವರ್ಷಗಳಲ್ಲಿ ಆ ಪದ ಆಕೆಯ ಕಂತಿನಲ್ಲಿ ಬಂದದ್ದು ಅದೇ ಮೊದಲು.

ಮಾರನೆಯ ದಿನ ಸಂಪಾದಕರ ಫೋನು ಬಂತು. ಸಂಪಾದಕರದೂ ಒಂದು ಕಟ್ಟಳೆಯಿತ್ತು: ಕಂತು ಮುಗಿಯುವಾಗ ಒಂದು ಅಬ್ಬರ ಇರಬೇಕು, ಓದುಗರು ಮುಂದಿನ ವಾರದ ತನಕ ಕಿವಿ ಉಜ್ಜಿಕೊಳ್ಳುತ್ತಿರಬೇಕು. ಎಲ್ಲ ಚೆನ್ನಾಗಿದೆ ಎಂದು ಹೊಗಳಿ, ಆಮೇಲೆ ವಿಷಯಕ್ಕೆ ಬಂದರು.

“ಇಷ್ಟು ದೊಡ್ಡ ಮಾತನ್ನ ಆ ಹುಡುಗಿ ನೀರು ಕೇಳಿದ ಹಾಗೆ ಹೇಳ್ತಾಳಲ್ರೀ. ಸ್ವಲ್ಪ ಬಿಸಿ ಬೇಡ್ವಾ? ಇದನ್ನ ನೀವು ಬರೆದಿದ್ದು ಅನ್ಸೋದೇ ಇಲ್ಲ,” ಎಂದರು.

ಕೊನೆಯ ಮಾತು ಚುಚ್ಚಿತು. ಕಂತಮ್ಮ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಎಡಗಡೆಯ ಡಬ್ಬಿಗೆ ಕೈ ಹಾಕಿದಳು. ವಾರದ ಪದಗಳೆಲ್ಲ ಮುಗಿದು ತಳದಲ್ಲಿ ಕೆಲವೇ ಚೀಟಿ ಉಳಿದಿದ್ದವು. ಬೆರಳಿಗೆ ಮೊದಲು ಸಿಕ್ಕಿದ್ದರಲ್ಲಿ ‘ಕಿರುಚಿದಳು’ ಎಂದಿತ್ತು. ಕಿರುಚಿದಳು ಅಂತ ಮಾಡಿಕೊಳ್ಳಿ ಎಂದಳು. ಈಗ ಜೀವ ಬಂತು ನೋಡಿ ಎಂದು ಸಂಪಾದಕರು ಫೋನಿಟ್ಟರು. ಆಕೆ ಚೀಟಿಯನ್ನು ಬಲಗಡೆಯ ಡಬ್ಬಿಗೆ ಹಾಕಿ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಇಟ್ಟಿದ್ದ ಹಾಲು ಇನ್ನೂ ಉಕ್ಕಿರಲಿಲ್ಲ.

ಪತ್ರಿಕೆ ಬಂದ ದಿನ ಮಗಳು ಬಾಗಿಲಲ್ಲಿ ನಿಂತೇ ಕಂತನ್ನು ಓದಿದಳು. ಓದಿ ಮುಗಿಸಿ ಒಳಗೆ ಬಂದು, ಬರೆಯುವ ಮೇಜಿನ ಎದುರು ನಿಂತಳು. ತನ್ನ ಸಂಸಾರ ಬೀದಿಗೆ ಬಿತ್ತಲ್ಲ ಎಂದು ಅಳಬಹುದು, ಯಾಕೆ ಬರೆದೆ ಎಂದು ಜಗಳ ತೆಗೆಯಬಹುದು ಎಂದು ಕಂತಮ್ಮ ಉತ್ತರ ಹೊಂದಿಸಿಟ್ಟುಕೊಂಡಿದ್ದಳು. ಮಗಳು ಅದೊಂದನ್ನೂ ಕೇಳಲಿಲ್ಲ.

“ನಾನು ಯಾವಾಗಮ್ಮ ಕಿರುಚಿದೆ?” ಎಂದಳು.

ಅದು ನೀನಲ್ಲ, ಕಥೆಯ ಹುಡುಗಿ ಎಂದಳು ಕಂತಮ್ಮ. ಎಲ್ಲ ಬರಹಗಾರರೂ ಕೊಡುವ ಉತ್ತರ ಅದು, ಹಳಸಲು ಉತ್ತರ. ಮಗಳು ಪತ್ರಿಕೆಯನ್ನು ಎರಡೂ ಡಬ್ಬಿಗಳ ಮೇಲೆ ಮುಚ್ಚಿದ ಹಾಗೆ ಇಟ್ಟು ಒಳಗೆ ಹೊರಟುಹೋದಳು. ಅಂದಿನಿಂದ ತಾಯಿಯೊಂದಿಗೆ ಮಾತಿಲ್ಲ. ಆಡಿದ್ದೆಲ್ಲ ಅಚ್ಚಾಗುವುದಾದರೆ ಆಡದೆ ಇರುವುದೇ ಲೇಸು ಎಂಬ ಹಾಗೆ ಬಾಯಿಗೆ ಬೀಗ ಹಾಕಿಕೊಂಡಳು. ಒಂದೇ ಮನೆಯಲ್ಲಿ ಹೇಳಲೇಬೇಕಾದ ಮಾತುಗಳಿರುತ್ತವಲ್ಲ, ಅವಕ್ಕೆ ಗಿಣಿ ಇತ್ತು.

“ಅಜ್ಜಿ, ಊಟ ಆರಿ ಹೋಗ್ತಿದೆಯಂತೆ. ಅಮ್ಮ ಅಂದ್ಳು.”

ಮೊದಲ ಸಲ ಅದನ್ನು ಕೇಳಿದಾಗ ಕಂತಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು. ಯಾವ ಕಾಟ ತಾಳಲಾರದೆ ಮಗಳು ಓಡಿಬಂದಿದ್ದಳೋ ಅದೇ ಕಾಟ ಇಲ್ಲಿ ಇನ್ನೊಂದು ವೇಷದಲ್ಲಿ ಬಂದು ಕೂತಿತ್ತು, ಅದೂ ಮಗಳ ಕೈಯಿಂದಲೇ. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ಹೇಳೋಣವೆಂದರೆ ಕಂತಮ್ಮನಿಗೆ ಯಾವ ಮುಖ? ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಯನ್ನು ಆಕೆ ಎಷ್ಟೋ ಅತ್ತೆಯರ ಬಾಯಲ್ಲಿ ಹೇಳಿಸಿದ್ದಳು. ಈಗ ಅದು ತನ್ನ ಹೊಸ್ತಿಲಿಗೇ ಬಂತು.

ಇಷ್ಟಕ್ಕೇ ಮುಗಿದಿದ್ದರೆ ಮನೆಯ ಮಾತು ಮನೆಯಲ್ಲೇ ಇರುತ್ತಿತ್ತು. ಅಳಿಯ ಮಗು ತನಗೆ ಬೇಕೆಂದು ಕುಟುಂಬ ನ್ಯಾಯಾಲಯಕ್ಕೆ ಹೋದ. ಹೆಂಡತಿ ಸಿಡುಕಿ, ಕಿರುಚುವವಳು, ಅವಳ ಬಳಿ ಮಗು ಹೆದರಿ ಹೆದರಿ ಬೆಳೆಯುತ್ತದೆ ಎಂಬುದು ಅವನ ದೂರು. ಪುರಾವೆಗೆ ಪತ್ರಿಕೆಯ ಆ ಪುಟವನ್ನೇ ಕೊಟ್ಟಿದ್ದ. ತೀರ್ಪಿಗೆ ಮುಂಚೆ ಎರಡೂ ಕಡೆಯವರನ್ನು ಸಮಾಲೋಚಕಿಯೊಬ್ಬರು ಕೂರಿಸಿ ಮಾತಾಡಿಸುತ್ತಾರೆ, ಮಗು ಯಾರ ಬಳಿ ಇರಬೇಕೆಂದು ಅವರು ಬರೆದದ್ದಕ್ಕೆ ನ್ಯಾಯಾಧೀಶರು ಬಹಳ ಬೆಲೆ ಕೊಡುತ್ತಾರೆ ಎಂದು ಮಗಳ ವಕೀಲೆ ಹೇಳಿದಳು. ಆ ಕಂತು ಬರೆದ ಅಜ್ಜಿಯೂ ಬರಬೇಕೆಂದು ಕರೆ ಬಂದಿತ್ತು.

ಕಂತಮ್ಮ ಸಂಪಾದಕರಿಗೆ ಫೋನು ಮಾಡಿದಳು. ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿ, ಕಿರುಚಿದಳು ಎಂಬಲ್ಲಿ ಎಂದಳು ಎಂದು ಓದಿಕೊಳ್ಳಬೇಕು ಅಂತ ಎಂದು ಬೇಡಿಕೊಂಡಳು. ಸಂಪಾದಕರು ತಮಾಷೆಯೆಂದುಕೊಂಡು ನಕ್ಕರು. ಲೋಕದಲ್ಲೇ ಇಲ್ಲದ ಕಥೆಯ ಹುಡುಗಿ ಇಲ್ಲದ ಗಂಟಲಲ್ಲಿ ಕಿರುಚಿದ್ದಕ್ಕೆ ಯಾರಾದರೂ ತಿದ್ದುಪಡಿ ಹಾಕುತ್ತಾರೆಯೇ, ಹಾಗೆ ನೋಡಿದರೆ ಆ ಕಿರುಚಾಟಕ್ಕೇ ಓದುಗರ ಮೆಚ್ಚುಗೆ ಹರಿದು ಬರುತ್ತಿದೆ ಎಂದರು. ಆಕೆ ಫೋನಿಟ್ಟು ಎರಡೂ ಡಬ್ಬಿಗಳನ್ನು ಮಗುಚಿ ಆ ಚೀಟಿಯನ್ನು ಹುಡುಕಿ ತೆಗೆದಳು. ಹರಿದು ಬಿಸಾಡಿದಳು. ಅಚ್ಚಾದದ್ದು ಅಚ್ಚಾಗಿಯೇ ಇತ್ತು.

ಸಮಾಲೋಚನೆಯ ಕೊಠಡಿಯಲ್ಲಿ ಉದ್ದ ಮೇಜು, ಬೆನ್ನು ಸವೆದ ಕುರ್ಚಿಗಳು, ಮೂಲೆಯಲ್ಲಿ ಮಕ್ಕಳಿಗೆಂದು ಒಂದು ಚಾಪೆ, ಅದರ ಮೇಲೆ ಚಕ್ರ ಕಳೆದುಕೊಂಡ ಬಸ್ಸು. ಗಿಣಿ ನೇರವಾಗಿ ಬಸ್ಸಿನ ಬಳಿ ಹೋಗಿ ಕೂತಿತು. ಸಮಾಲೋಚಕಿ ನಡುವಯಸ್ಸಿನವರು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಅಳಿಯ ಇಸ್ತ್ರಿ ಮಾಡಿದ ಅಂಗಿಯಲ್ಲಿ ನೆಟ್ಟಗೆ ಕೂತಿದ್ದ. ಪುಟವನ್ನು ಬಿಡಿಸಿ ಓದಿದ. ಎಂಥ ಓದು ಅಂತೀರಿ, ಕಿರುಚಿದಳು ಎಂಬುದನ್ನೂ ಮೆಲ್ಲಗೆ, ಮೆತ್ತಗೆ ಓದಿದ.

“ಇದು ನಾನು ಹೇಳಿದ್ದಲ್ಲ ಮೇಡಂ. ಹೆತ್ತ ತಾಯಿ ಬರೆದದ್ದು,” ಎಂದ.

ಸಮಾಲೋಚಕಿ ಕಂತಮ್ಮನತ್ತ ತಿರುಗಿ, ಇದು ನಿಮ್ಮ ಮಗಳ ವಿಚಾರವೇ ಎಂದು ಕೇಳಿದರು. ವಕೀಲೆ ಇದಕ್ಕೊಂದು ಉತ್ತರ ಕಲಿಸಿ ಕಳಿಸಿದ್ದಳು: ಎಲ್ಲವೂ ಕಲ್ಪನೆ ಎಂದು ಹೇಳಿಬಿಡಿ, ಅಲ್ಲಿಗೆ ಮುಗಿಯಿತು. ಕಂತಮ್ಮ ಬಾಯಿ ತೆರೆದಳು, ಅಷ್ಟರಲ್ಲಿ ಅಳಿಯ ಮುಂದಾದ.

“ಕಲ್ಪನೆ ಅಂದ್ರೆ ನಂಗೂ ಸಂತೋಷವೇ. ಆಗ ನಾನು ಮಗು ಕೈಲಿ ಮಾತು ಹೇಳಿಸ್ತೀನಿ ಅಂತ ಇದೆಯಲ್ಲ, ಅದೂ ಕಲ್ಪನೆ ಆಯ್ತು. ನಿಜ ಅಂದ್ರೆ ಕಿರುಚಾಟನೂ ನಿಜ. ಎರಡರಲ್ಲಿ ಒಂದು ಹೇಳ್ಲಿ ಸಾಕು.”

ಅತ್ತ ದರಿ, ಇತ್ತ ಪುಲಿ. ಈ ಹುಡುಗನ ತಲೆ ನಕ್ಷೆ ಬರೆಯುವುದಕ್ಕೆ ಮಾತ್ರ ಓಡುವುದಲ್ಲ ಎಂದು ಕಂತಮ್ಮನಿಗೆ ಅರಿವಾಯಿತು. ಪಕ್ಕದಲ್ಲಿ ಮಗಳು ಕೂತಿದ್ದಳು, ಮುಖ ತಿರುಗಿಸಲಿಲ್ಲ, ಮಡಿಲಲ್ಲಿ ಬೆರಳುಗಳನ್ನು ಹೆಣೆದುಕೊಂಡಿದ್ದಳು. ಇವಳ ಕೈಯಿಂದ ಗಿಣಿ ಹೋದರೆ ಅದು ನನ್ನ ಬೆರಳಿಗೆ ಸಿಕ್ಕಿದ ಒಂದು ಚೀಟಿಯಿಂದ ಎಂದುಕೊಂಡ ಕಂತಮ್ಮ ಅಳು ತಡೆದುಕೊಂಡು ಮುಂದಕ್ಕೆ ಜರುಗಿ ಕೂತಳು.

“ಮಾತು ಅವಳದ್ದು. ಕಿರುಚಾಟ ನಂದು,” ಎಂದಳು.

ಸಮಾಲೋಚಕಿಗೆ ಅರ್ಥವಾಗಲಿಲ್ಲ. ಆಗ ಕಂತಮ್ಮ ನಾಚಿಕೆ ಬಿಟ್ಟು ಎಲ್ಲ ಹೇಳಿದಳು. ಎರಡು ಡಬ್ಬಿಗಳು, ಚೀಟಿಗಳು, ಪದ ಎರಡು ಸಲ ಬರಕೂಡದೆಂಬ ಕಟ್ಟಳೆ, ಸಂಪಾದಕರ ಫೋನು, ತಳದಲ್ಲಿ ಉಳಿದಿದ್ದ ಚೀಟಿ. ಬಾಗಿಲ ಬಳಿ ಕೂತಿದ್ದ ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಓದುಗರು ದೊಡ್ಡ ಬರಹಗಾರ್ತಿ ಎಂದುಕೊಂಡಿದ್ದವಳು ಲಾಟರಿ ಎತ್ತಿದ ಹಾಗೆ ಪದ ಎತ್ತುತ್ತಿದ್ದಳೆಂದರೆ ಯಾರು ನಗುವುದಿಲ್ಲ? ನಗಲಿ ಎಂದುಕೊಂಡಳು. ಆದರೆ ಈ ಸಲ ಅದು ಒಳಗೆ ಎಲ್ಲೋ ಉರಿಯಿತು.

ಹಾಗಾದರೆ ಅವರು ನಿಜಕ್ಕೂ ಹೇಗೆ ಹೇಳಿದರು ಎಂದು ಸಮಾಲೋಚಕಿ ಕೇಳಿದರು. ಕಂತಮ್ಮನ ತಲೆಯಲ್ಲಿ ಡಬ್ಬಿ ಮಗುಚಿದಂತಾಯಿತು. ಉಸುರಿದಳು, ಕುಟುಕಿದಳು, ಹಲುಬಿದಳು, ಒಂದೊಂದಾಗಿ ಎತ್ತಿ ನೋಡಿದಳು. ಒಂದೂ ಆ ಮಧ್ಯಾಹ್ನಕ್ಕೆ ಹೊಂದಲಿಲ್ಲ.

“ಅಂದ್ಳು. ದಿಂಬಿನ ಚೀಲ ಮಡಿಸ್ತಾ ಅಂದ್ಳು. ಅಷ್ಟೇ.”

ಸಮಾಲೋಚಕಿ ಏನೋ ಬರೆದುಕೊಂಡರು. ಮಗಳ ಹೆಣೆದ ಬೆರಳುಗಳು ಬಿಚ್ಚಿದವು. ಕಂತಮ್ಮನಿಗೆ ತಡೆದುಕೊಂಡ ಅಳುವೆಲ್ಲ ಕೆಮ್ಮಾಗಿ ಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ಮೇಜಿನ ಮೇಲೆ ನೀರಿನ ಲೋಟವಿತ್ತು. ಮಗಳು ಅದನ್ನು ತಾಯಿಯ ಕಡೆ ಸರಿಸಿ, ಚಾಪೆಯತ್ತ ತಿರುಗಿದಳು.

“ಗಿಣಿ, ಅಜ್ಜಿಗೆ ನೀರು ಕುಡಿ ಅಂತ ಹೇಳು,” ಎಂದಳು.

ಗಿಣಿ ಬಸ್ಸು ಬಿಟ್ಟು ಎದ್ದು ಬಂತು. ಕೆಲಸದವರ ಗಾಂಭೀರ್ಯದಿಂದ ಅಜ್ಜಿಯ ಎದುರು ನಿಂತಿತು. ನೀರು ಕುಡೀಬೇಕಂತೆ, ಅಮ್ಮ ಅಂದ್ಳು ಎಂದು ಒಪ್ಪಿಸಿತು. ಒಪ್ಪಿಸಿ ಅಜ್ಜಿಯ ಮುಖ ನೋಡಿತು.

ಅಳಿಯ ಮೊದಲ ಸಲ ನಕ್ಕ, ದನಿಯಿಲ್ಲದೆ. ಸಮಾಲೋಚಕಿ ಪೆನ್ನು ಕೆಳಗಿಟ್ಟು ಮಗಳನ್ನೇ ದಿಟ್ಟಿಸಿದರು.

“ನೀವೂನಾ?” ಎಂದರು.

ಆಗ ಮಗಳಿಗೆ ತಾನೇನು ಮಾಡಿದೆ ಎಂಬುದು ಕಂಡಿತು. ಅವಳ ಮುಖದಲ್ಲಿ ರಕ್ತ ಇಂಗಿದ್ದನ್ನು ಕಂತಮ್ಮ ನೋಡಿದಳು. ಇದೂ ನನ್ನಿಂದಲೇ ಶುರುವಾದದ್ದು, ಅವಳದೇನೂ ತಪ್ಪಿಲ್ಲ ಎಂದು ಸಮಾಲೋಚಕಿಗೆ ಹೇಳಹೋದಳು. ಅವರು ಕೈ ಎತ್ತಿ ತಡೆದರು. ಯಾರಿಂದ ಶುರುವಾಯಿತು ಎಂಬುದು ಮಗುವಿಗೆ ಬೇಕಿಲ್ಲ ಎಂದರು. ಸದ್ಯಕ್ಕೆ ಮಗು ತಾಯಿಯ ಬಳಿ ಇರಲಿ, ತಂದೆ ವಾರಕ್ಕೊಮ್ಮೆ ಬಂದು ನೋಡಲಿ, ಮಳೆಗಾಲ ಕಳೆದ ಮೇಲೆ ಮತ್ತೆ ಕರೆಯುತ್ತೇನೆ. ಅಷ್ಟರೊಳಗೆ ಈ ಮಗು ಯಾರ ಮನೆಯಲ್ಲಾದರೂ ಮಾತು ಹೊತ್ತು ತಿರುಗಿದ್ದು ಗೊತ್ತಾದರೆ ನಾನು ಬರೆಯುವುದು ಬೇರೆಯೇ ಆಗುತ್ತದೆ ಎಂದು, ಮೊದಲು ಅಳಿಯನನ್ನೂ ಆಮೇಲೆ ಮಗಳನ್ನೂ ನೋಡಿ ಹೇಳಿದರು.

ಅಳಿಯ ಪುಟವನ್ನು ಅಚ್ಚುಕಟ್ಟಾಗಿ ಮಡಿಸಿ ಚೀಲಕ್ಕಿಟ್ಟುಕೊಂಡ. ಬಿಸಾಡಲಿಲ್ಲ. ಮುಂದಿನ ಸಲಕ್ಕೆ ಬೇಕಾಗಬಹುದೆಂದು ಇಟ್ಟುಕೊಂಡನೆಂಬುದು ಕಂತಮ್ಮನಿಗೆ ತಿಳಿಯಿತು. ಅವನ ಚೀಲಕ್ಕೆ ಕೈ ಹಾಕಿ ಕಸಿದುಕೊಳ್ಳಬೇಕೆನಿಸಿತು. ಕಸಿದುಕೊಂಡರೂ ಊರೆಲ್ಲ ಇರುವ ಪ್ರತಿಗಳನ್ನು ಏನು ಮಾಡುವುದು?

ಮೂವರೂ ಹೊರಗೆ ಬಂದು ಬಸ್ಸಿನ ನಿಲ್ದಾಣದ ಬೆಂಚಿನಲ್ಲಿ ಕೂತರು, ಈ ತುದಿಗೆ ಕಂತಮ್ಮ, ಆ ತುದಿಗೆ ಮಗಳು, ನಡುವೆ ಗಿಣಿ. ಬಸ್ಸು ಬೇಗ ಬರಲಿಲ್ಲ. ಮಗಳು ಒಂದೆರಡು ಸಲ ಗಿಣಿಯತ್ತ ಬಗ್ಗಿ, ಏನೋ ಹೇಳಹೊರಟು, ತುಟಿ ಕಚ್ಚಿಕೊಂಡಳು. ಅಭ್ಯಾಸ ಎಂಬುದು ಅಷ್ಟು ಬೇಗ ಬಿಡುತ್ತದೆಯೇ? ಕೊನೆಗೆ ಎದ್ದು, ಮಗುವನ್ನು ದಾಟಿ ಬಂದು, ತಾಯಿಯ ಎದುರಿಗೆ ನಿಂತಳು. ಕಂತಮ್ಮ ತಲೆಯೆತ್ತಿದಳು. ಏನು ಬಂದರೂ ಸರಿ, ಇವಳ ಬಾಯಿಂದಲೇ ಬರಲಿ ಎಂದು ಎದೆ ಗಟ್ಟಿ ಮಾಡಿಕೊಂಡಳು.

“ನಿನ್ನ ಮೇಲಿನ ಸಿಟ್ಟು ನಂಗೆ ಹೋಗಿಲ್ಲಮ್ಮ. ಬೇಗ ಹೋಗೋದೂ ಇಲ್ಲ. ಅದನ್ನ ನಾನೇ ಹೇಳ್ಬೇಕು ಅಂತ ಹೇಳ್ತಿದೀನಿ,” ಎಂದಳು ಮಗಳು.

“ಸರಿ,” ಎಂದಳು ಕಂತಮ್ಮ.

ಗಿಣಿ ಒಮ್ಮೆ ಅಮ್ಮನ ಮುಖ ನೋಡಿತು, ಒಮ್ಮೆ ಅಜ್ಜಿಯ ಮುಖ ನೋಡಿತು. ಈ ಮಾತನ್ನು ಯಾರಿಗೆ ಮುಟ್ಟಿಸಬೇಕೋ ಎಂದು ಬೆಂಚಿನಿಂದ ಇಳಿದು ಕಾಯುತ್ತ ನಿಂತಿತು. ಯಾರಿಗೂ ಮುಟ್ಟಿಸಬೇಕಾಗಿರಲಿಲ್ಲ.